ಟೋಕಿಯೋದ ವಾಲ್ವ್ ಓಣಿಗಳಲ್ಲಿ

ಜಪಾನ್ ಎಂದೊಡನೆ ನಮ್ಮವರ ಕಣ್ಣ ಮುಂದೆ ಬರುವುದು ಬುಲೆಟ್ ರೈಲು, ಚೆರ್ರಿ ಹೂವು, ಫ್ಯೂಜಿ ಪರ್ವತ. ಅದರ ಬೆನ್ನಿಗೇ ಎಲೆಕ್ಟ್ರಾನಿಕ್ ಸಾಮಾನು. ಊರಿನಿಂದ ಬಂದ ನೆಂಟರು ಸೂಟ್‌ಕೇಸ್ ಬಿಚ್ಚುವ ಮೊದಲೇ "ಅಕಿಹಾಬಾರಾ ಎಲ್ಲಿದೆ? ಒಂದು ಒಳ್ಳೆ ಕ್ಯಾಮೆರಾ ನೋಡಬೇಕಲ್ಲ" ಎಂದು ಕೇಳುತ್ತಾರೆ. ನಾನು ಸಂತೋಷದಿಂದಲೇ ಕರೆದೊಯ್ಯುತ್ತೇನೆ. ಅವರನ್ನು ಏಳೆಂಟು ಮಹಡಿಯ ದೊಡ್ಡ ಅಂಗಡಿಗೆ ಬಿಟ್ಟು, "ಒಂದು ಗಂಟೆ ಬಿಟ್ಟು ಬರುತ್ತೇನೆ" ಎಂದು ಹೇಳಿ, ರೈಲು ಹಳಿಯ ಕೆಳಗಿನ ಇಕ್ಕಟ್ಟಾದ ಓಣಿಯೊಳಗೆ ಮಾಯವಾಗುತ್ತೇನೆ. ಹೊಸದನ್ನು ಕೊಳ್ಳುವವರಿಗೆ ಆ ಓಣಿಯಲ್ಲಿ ಏನೂ ಇಲ್ಲ. ಹಳೆಯದನ್ನು ಉಳಿಸಿಕೊಳ್ಳುವವರಿಗೆ ಎಲ್ಲವೂ ಇದೆ. ಈ ಲೇಖನ ಆ ಓಣಿಯ ಬಗ್ಗೆ, ಮತ್ತು ಅದರ ದಾರಿಯನ್ನು ನನಗೆ ತೋರಿಸಿಕೊಟ್ಟ ಸೆಕೆಂಡ್‌ಹ್ಯಾಂಡ್ ಆಂಪ್ಲಿಫೈಯರ್ ಬಗ್ಗೆ.

ನಾನು ಟೋಕಿಯೋಗೆ ಬಂದದ್ದು 2005ರಲ್ಲಿ, ಎಲ್ಲರಂತೆ ಸಾಫ್ಟ್‌ವೇರ್ ಕೆಲಸಕ್ಕೆ. ಮನೆ, ಇಲ್ಲಿನ ಅನೇಕ ಭಾರತೀಯರಂತೆ, ನಿಶಿಕಸಾಯಿಯಲ್ಲಿ. ಕಾಲೇಜಿನ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಹುಚ್ಚು ನನ್ನ ಜೊತೆಯಲ್ಲೇ ವಿಮಾನ ಹತ್ತಿತ್ತು. ಬೇಸ್ ಗಿಟಾರ್ ಎಂದರೇನು ಎಂದು ಕೇಳುವವರಿಗೆ ನಾನು 1981ರ 'ಗೀತಾ' ಚಿತ್ರದ ಹಾಡುಗಳನ್ನು ಕೇಳಿ ನೋಡಿ ಎನ್ನುತ್ತೇನೆ. ಇಳಯರಾಜ ಅವರ ಸಂಗೀತದಲ್ಲಿ ಗಾಯಕರ ದನಿಯ ಕೆಳಗೆ ನೆಲ ಹಾಸಿದಂತೆ ಒಂದು ದಪ್ಪ ನಾದ ಓಡಾಡುತ್ತಿರುತ್ತದಲ್ಲ, ಅದೇ. ಇದ್ದಾಗ ಯಾರೂ ಗಮನಿಸುವುದಿಲ್ಲ. ಇಲ್ಲದಿದ್ದರೆ ಊಟಕ್ಕೆ ಉಪ್ಪಿಲ್ಲದಂತೆ!

ಆ ನಾದವನ್ನು ಸಭಾಂಗಣ ತುಂಬುವಂತೆ ಮಾಡುವುದು ಆಂಪ್ಲಿಫೈಯರ್. ಈಗಿನವು ಟ್ರಾನ್ಸಿಸ್ಟರಿನವು, ಹಗುರ, ಅಗ್ಗ. ಅದಕ್ಕೂ ಹಿಂದಿನವು ವಾಲ್ವಿನವು. ನಮ್ಮ ಅಜ್ಜನ ಮನೆಯ ರೇಡಿಯೋ ಹಚ್ಚಿದ ಮೇಲೆ ಅರ್ಧ ನಿಮಿಷ ಕಾಯಬೇಕಿತ್ತು, ನೆನಪಿದೆಯೇ? ಅದೇ ವಾಲ್ವ್. ಗಾಜಿನ ಬುರುಡೆಯೊಳಗಿನ ತಂತಿ ಕಾದು ಕೆಂಪಾದಾಗ ಎಲೆಕ್ಟ್ರಾನ್‌ಗಳು ಹರಿಯತೊಡಗುತ್ತವೆ. ನಡುವೆ ಇರುವ ಗ್ರಿಡ್ ಎಂಬ ಜಾಲರಿ ಕೆರೆಯ ತೂಬಿನಂತೆ ಆ ಹರಿವನ್ನು ಹಿಡಿಯುತ್ತದೆ, ಬಿಡುತ್ತದೆ. ಗಿಟಾರಿನ ತಂತಿಯ ಸಣ್ಣ ಮಿಡಿತ ತೂಬನ್ನು ಅಲುಗಿಸಿದರೆ ಸಾಕು, ದೊಡ್ಡ ಹರಿವು ಅದರಂತೆಯೇ ಕುಣಿಯುತ್ತದೆ. ಜೋರಾಗಿ ನುಡಿಸಿದಾಗ ವಾಲ್ವ್ ಥಟ್ಟನೆ ಒಡೆದ ದನಿ ಮಾಡುವುದಿಲ್ಲ, ಮೆಲ್ಲನೆ ದುಂಡಗಾಗುತ್ತದೆ. ನುಡಿಸುವವರು ಅದಕ್ಕೇ ಮರುಳಾಗುವುದು.

ಅದನ್ನು ಹುಡುಕಿಕೊಂಡು ಹೋಗಬೇಕಾದದ್ದು ಒಚಾನೊಮಿಜುಗೆ. ಹೆಸರಿನ ಅರ್ಥ 'ಚಹಾದ ನೀರು'. ಇಲ್ಲಿನ ದೇವಸ್ಥಾನವೊಂದರ ಚಿಲುಮೆಯ ನೀರನ್ನು ಶೋಗುನ್ ದೊರೆಯ ಚಹಾಕ್ಕೆ ಕೊಡುತ್ತಿದ್ದರಂತೆ. ಸ್ಟೇಷನ್ನಿನಿಂದ ಹೊರಬಂದು ಮೇಯಿಜಿ ವಿಶ್ವವಿದ್ಯಾಲಯದ ಕಡೆಗೆ ಇಳಿಜಾರಿನಲ್ಲಿ ನಡೆದರೆ ಎಡಬಲಕ್ಕೆ ಗಿಟಾರ್ ಅಂಗಡಿಗಳೇ ಅಂಗಡಿಗಳು. ಚಿಕ್ಕಪೇಟೆಯಲ್ಲಿ ಸೀರೆ ತೂಗುಹಾಕಿದಂತೆ ಇಲ್ಲಿ ಗಿಟಾರ್ ತೂಗುಹಾಕಿರುತ್ತಾರೆ. ಒಂದು ವ್ಯತ್ಯಾಸವೆಂದರೆ ಯಾರೂ "ಬನ್ನಿ ಸಾರ್, ಬನ್ನಿ" ಎಂದು ಕೈ ಹಿಡಿದು ಎಳೆಯುವುದಿಲ್ಲ. ನಾಲ್ಕು ಗಂಟೆ ನೋಡಿ ಏನೂ ಕೊಳ್ಳದೆ ಹೊರಟರೂ ಬಗ್ಗಿ ನಮಸ್ಕರಿಸುತ್ತಾರೆ.

2006ರ ಫೆಬ್ರವರಿಯಲ್ಲಿ ನಾನು ಹೋದಾಗ ಆ ಇಳಿಜಾರಿನಲ್ಲಿ ಸೂತಕದ ವಾತಾವರಣವಿತ್ತು. ಕಾರಣ ಒಂದು ಕಾನೂನು. ವಿದ್ಯುತ್ ಉಪಕರಣಗಳ ಸುರಕ್ಷತೆಗಾಗಿ 2001ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದ್ದ ಈ ಕಾಯಿದೆಯ ಪ್ರಕಾರ, ಪಿಎಸ್‌ಇ ಎಂಬ ಮುದ್ರೆಯಿಲ್ಲದ ಸಾಮಾನನ್ನು ಮಾರುವಂತಿಲ್ಲ. ಆಂಪ್ಲಿಫೈಯರ್‌ನಂಥ ಹಲವು ವಸ್ತುಗಳಿಗೆ ಕೊಟ್ಟಿದ್ದ ಐದು ವರ್ಷದ ವಿನಾಯಿತಿ 2006ರ ಮಾರ್ಚ್ 31ಕ್ಕೆ ಮುಗಿಯುತ್ತಿತ್ತು. ಮುದ್ರೆಯೇ ಹುಟ್ಟಿರದ ಕಾಲದ ಹಳೆಯ ಸಾಮಾನಿಗೂ ಇದು ಅನ್ವಯಿಸುತ್ತದೆ ಎಂದು ಸರ್ಕಾರ ಹೇಳಿತು. ಅಂದರೆ ಏಪ್ರಿಲ್ ಒಂದರ ಬೆಳಿಗ್ಗೆ, ಅಂಗಡಿಯ ಅರ್ಧ ಸರಕು ಕಸ! ಅಂಗಡಿಗಳು ಬೆಲೆ ಇಳಿಸಿ ಮಾರತೊಡಗಿದವು. ಸಾಮಾನ್ಯವಾಗಿ ದನಿ ಎತ್ತದ ಜಪಾನೀಯರು ಈ ಸಲ ಎತ್ತಿದರು. ಸಂಗೀತಗಾರ ರ್‍ಯೂಯಿಚಿ ಸಕಾಮೊಟೊ ಮುಂತಾದವರು ಮುಂದೆ ನಿಂತು, ಎಪ್ಪತ್ತು ಸಾವಿರಕ್ಕೂ ಮಿಕ್ಕಿ ಸಹಿ ಸಂಗ್ರಹಿಸಿ ಸಚಿವಾಲಯಕ್ಕೆ ಒಪ್ಪಿಸಿದರು. ಗಡುವಿಗೆ ಕೆಲವೇ ದಿನ ಉಳಿದಿರುವಾಗ ಸರ್ಕಾರ ಬಗ್ಗಿತು. ಅಪರೂಪದ ಹಳೆಯ ವಾದ್ಯೋಪಕರಣಗಳಿಗೆ ವಿನಾಯಿತಿ ಸಿಕ್ಕಿತು. 2007ರ ಕೊನೆಗೆ ಕಾಯಿದೆಗೇ ತಿದ್ದುಪಡಿಯಾಗಿ ಹಳೆಯ ಸಾಮಾನಿನ ಮಾರಾಟ ಸರಾಗವಾಯಿತು. ಸಕಾಮೊಟೊ 2023ರ ಮಾರ್ಚ್‌ನಲ್ಲಿ ತೀರಿಕೊಂಡಾಗ ಪತ್ರಿಕೆಗಳೆಲ್ಲ ಅವರ ಆಸ್ಕರ್ ಪ್ರಶಸ್ತಿಯ ಬಗ್ಗೆ ಬರೆದವು. ನನಗೆ ನೆನಪಾದದ್ದು ಈ ಸಹಿಗಳು.

ಹೀಗೆ ಬದುಕುಳಿದ ಸರಕಿನಲ್ಲಿ ನನ್ನದೂ ಒಂದು. ಆಂಪೆಗ್ ಬಿ-15ಎನ್, ಅಮೆರಿಕದ್ದು, 1960ರ ದಶಕದ ಕೊನೆಯದು. 1960ರಲ್ಲಿ ಮೊದಲು ಬಂದ ಈ ಮಾದರಿಯ ವಿಶೇಷವೆಂದರೆ ಮುಚ್ಚಳ. ವಾಲ್ವುಗಳನ್ನು ಕೂಡಿಸಿದ ಭಾಗ ಮುಚ್ಚಳಕ್ಕೇ ಅಂಟಿಕೊಂಡಿರುತ್ತದೆ. ನುಡಿಸುವಾಗ ಅದು ಡಬ್ಬದ ಮೇಲೆ ನಿಲ್ಲುತ್ತದೆ. ಮುಗಿದ ಮೇಲೆ ಮಗುಚಿ ಹಾಕಿದರೆ ಗಾಜೆಲ್ಲ ಒಳಗೆ ಸುರಕ್ಷಿತ. ಒಂದೇ ಒಂದು ಹದಿನೈದು ಅಂಗುಲದ ಸ್ಪೀಕರ್, ಮೂವತ್ತು ವಾಟ್. "ಬರೀ ಮೂವತ್ತೇ?" ಎನ್ನಬೇಡಿ. 1935ರಲ್ಲಿ ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ 'ಆಕಾಶವಾಣಿ' ಆರಂಭಿಸಿದ್ದೂ ಮೂವತ್ತು ವಾಟ್ ಟ್ರಾನ್ಸ್‌ಮಿಟರಿನಿಂದಲೇ! ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯ ಪ್ರಸಿದ್ಧ ಬೇಸ್ ವಾದಕ ಜೇಮ್ಸ್ ಜೇಮರ್‌ಸನ್ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದದ್ದೂ ಬಿ-15ರಲ್ಲೇ.

ಇಲ್ಲಿ ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮೊದಲು ಕಲಿಯಬೇಕಾದದ್ದು ಬೆಲೆ ಚೀಟಿಯ ಭಾಷೆ. 'ಸೇಯಿಬಿ-ಜುಮಿ' ಎಂದಿದ್ದರೆ ರಿಪೇರಿ, ತಪಾಸಣೆ ಮುಗಿದಿದೆ ಎಂದರ್ಥ. 'ಗೆಂಜೋ-ವಾತಾಶಿ' ಎಂದಿದ್ದರೆ ಇದ್ದದ್ದು ಇದ್ದ ಹಾಗೆ, ಆಮೇಲೆ ಕೇಳಬೇಡಿ ಎಂದು. 'ಜಂಕು' ಎಂದಿದ್ದರೆ ದೇವರೇ ಗತಿ. ಚೆನ್ನಾಗಿರುವುದೆಂದು ಚೀಟಿ ಅಂಟಿಸಿದ ಸಾಮಾನಿನಲ್ಲೂ ಒಂದು ಸಣ್ಣ ಗೀರು ಬಿದ್ದಿದ್ದರೆ ಅದನ್ನು ಬರೆದಿರುತ್ತಾರೆ. ವಾಲ್ಯೂಮ್ ತಿರುಗಿಸಿದಾಗ ಬರುವ ನಮ್ಮ 'ಗರಗರ' ಶಬ್ದಕ್ಕೆ ಇವರು 'ಗರಿ' ಎನ್ನುತ್ತಾರೆ! "ಗರಿ ಸ್ವಲ್ಪ ಇದೆ" ಎಂದು ಚೀಟಿಯಲ್ಲಿ ಓದಿದ ದಿನ ನನಗೆ ಜಪಾನಿ ಭಾಷೆ ಕಲಿಯಬಹುದು ಎಂಬ ಧೈರ್ಯ ಬಂತು.

ನಾನು ಎರಡು ಗಂಟೆ ಪರೀಕ್ಷಿಸಿದೆ. ಏನನ್ನೂ ನುಡಿಸದೆ ಹಚ್ಚಿಟ್ಟು ಗುಂಯ್‌ಗುಡುವ ಶಬ್ದ ಎಷ್ಟಿದೆ ಎಂದು ಕೇಳುವುದು, ಸುಟ್ಟ ವಾಸನೆ ಇದೆಯೇ ಎಂದು ಮೂಸುವುದು, ಟ್ರಾನ್ಸ್‌ಫಾರ್ಮರ್ ಮೂಲದ್ದೋ ಬದಲಾಯಿಸಿದ್ದೋ ನೋಡುವುದು. ಅಂಗಡಿಯವರು ಊಟದ ಮರದ ಚಾಪ್‌ಸ್ಟಿಕ್ ತಂದು ವಾಲ್ವುಗಳನ್ನು ಒಂದೊಂದಾಗಿ ಮೆಲ್ಲನೆ ತಟ್ಟಿದರು. ಸಡಿಲಗೊಂಡ ವಾಲ್ವ್ ತಟ್ಟಿದರೆ ಸ್ಪೀಕರಿನಲ್ಲಿ ಗಂಟೆ ಹೊಡೆದಂತೆ ಕೇಳಿಸುತ್ತದೆ. ವಾಲ್ವಿನ ನೆತ್ತಿಯ ಒಳಗೆ ಕನ್ನಡಿಯಂಥ ಬೆಳ್ಳಿಯ ಬಣ್ಣವಿದ್ದರೆ ಸರಿ. ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ನುಗ್ಗಿದೆ, ಕತೆ ಮುಗಿಯಿತು. ಬೆಲೆ 1,68,000 ಯೆನ್, ಅಂದಿನ ಲೆಕ್ಕದಲ್ಲಿ ಸುಮಾರು 65,000 ರೂಪಾಯಿ. ಮನೆಯಾಕೆ "ಇದೇ ದುಡ್ಡಿಗೆ ಊರಿಗೆ ಹೋಗಿ ಬರಬಹುದಿತ್ತು" ಎಂದಳು. ಆ ಲೆಕ್ಕ ಇವತ್ತಿಗೂ ಚುಕ್ತಾ ಆಗಿಲ್ಲ. ಮೂವತ್ತೈದು ಕಿಲೋ ಆಸುಪಾಸಿನ ಆ ಪೆಟ್ಟಿಗೆ ನಮ್ಮ 'ಮಾನ್ಶನ್' ತಲುಪಿತು. ಹೆದರಬೇಡಿ, ಜಪಾನಿನಲ್ಲಿ ಸಿಮೆಂಟು ಕಟ್ಟಡದ ಎರಡು ಕೋಣೆಯ ಫ್ಲ್ಯಾಟಿಗೂ ಮಾನ್ಶನ್ ಎನ್ನುತ್ತಾರೆ!

ಕೊಂಡದ್ದು ಒಂದು ದಿನದ ಕೆಲಸ. ಸಾಕುವುದು ಆ ಮೇಲಿನದು. ಮೊದಲ ತೊಡಕು ವಿದ್ಯುತ್ತಿನದೇ. ಜಪಾನಿನಲ್ಲಿ ಮನೆಗೆ ಬರುವುದು 100 ವೋಲ್ಟ್. ಇಷ್ಟೇ ಆಗಿದ್ದರೆ ಸುಲಭವಿತ್ತು. ಈ ದೇಶದೊಳಗೆ ಎರಡು ಬಗೆಯ ವಿದ್ಯುತ್ ಇದೆ. 1890ರ ದಶಕದಲ್ಲಿ ಟೋಕಿಯೋದವರು ಜರ್ಮನಿಯಿಂದ 50 ಹರ್ಟ್ಜ್ ಯಂತ್ರ ತಂದರು, ಒಸಾಕಾದವರು ಅಮೆರಿಕದಿಂದ 60 ಹರ್ಟ್ಜ್ ಯಂತ್ರ ತಂದರು. ಇಂದಿಗೂ ಫ್ಯೂಜಿ ನದಿಯ ಪೂರ್ವಕ್ಕೆ 50, ಪಶ್ಚಿಮಕ್ಕೆ 60. ನನ್ನ ಆಂಪ್ ಹುಟ್ಟಿದ್ದು 117 ವೋಲ್ಟ್, 60 ಹರ್ಟ್ಜ್‌ಗೆ. ಟೋಕಿಯೋದ 100 ವೋಲ್ಟಿಗೆ ನೇರ ಹಾಕಿದರೆ ವಾಲ್ವಿನ ತಂತಿಗೆ 6.3 ವೋಲ್ಟ್ ಬದಲು 5.4 ಮಾತ್ರ ಸಿಗುತ್ತದೆ, ಹೊಟ್ಟೆಗಿಲ್ಲದೆ ಮಂಕಾಗುತ್ತದೆ. ಪೂರ್ತಿ 117ಕ್ಕೆ ಏರಿಸಿದರೆ, 50 ಹರ್ಟ್ಜ್‌ನಲ್ಲಿ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಮೇಲೆ ಐದನೇ ಒಂದು ಪಾಲು ಹೆಚ್ಚು ಹೊರೆ ಬಿದ್ದು ಬಿಸಿಯಾಗುತ್ತದೆ. ಅತ್ತ ದರಿ, ಇತ್ತ ಪುಲಿ! ಇದಕ್ಕೆ ಪರಿಹಾರ ಸಿಕ್ಕಿದ್ದು ಅಕಿಹಾಬಾರಾದಲ್ಲಿ.

ಒಚಾನೊಮಿಜುವಿನಿಂದ ಅಕಿಹಾಬಾರಾಗೆ ಹದಿನೈದು ನಿಮಿಷದ ನಡಿಗೆ. ಹಿಜಿರಿ ಸೇತುವೆ ದಾಟಿ, ಕನ್‌ಫ್ಯೂಷಿಯಸ್‌ನ ಗುಡಿಯ ಗೋಡೆಯ ಪಕ್ಕದಲ್ಲೇ ಇಳಿಯಬೇಕು. ಹತ್ತಿರದಲ್ಲೇ ಕಂದಾ ಮ್ಯೋಜಿನ್ ದೇವಾಲಯ. ಇಲ್ಲಿ ಕಂಪ್ಯೂಟರ್ ಕೆಡದಿರಲಿ ಎಂದು ರಕ್ಷೆ ಮಾರುತ್ತಾರೆ. ಆಯುಧ ಪೂಜೆಯ ದಿನ ಕೀಬೋರ್ಡಿಗೆ ಕುಂಕುಮ ಹಚ್ಚುವ ನಮಗೆ ಇದೇನು ಹೊಸದೇ? ನಾನೂ ಪ್ರತಿ ಆಯುಧ ಪೂಜೆಗೆ ಆಂಪ್ಲಿಫೈಯರಿಗೆ ಒಂದು ಹೂವು ಏರಿಸುತ್ತೇನೆ.

ಅಕಿಹಾಬಾರಾ ಹುಟ್ಟಿದ್ದೇ ರಿಪೇರಿಯಿಂದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬೂದಿಯಾಗಿದ್ದ ಟೋಕಿಯೋದ ಕಂದಾ ಪ್ರದೇಶದಲ್ಲಿ ಜನ ಸೇನೆಯ ಉಳಿಕೆ ವಾಲ್ವುಗಳನ್ನೂ ರೇಡಿಯೋ ಬಿಡಿಭಾಗಗಳನ್ನೂ ರಸ್ತೆ ಬದಿಯಲ್ಲಿ ಹರಡಿ ಮಾರುತ್ತಿದ್ದರು. ಹತ್ತಿರದ ವಿದ್ಯುತ್ ಶಾಲೆಯ ವಿದ್ಯಾರ್ಥಿಗಳು ಅವನ್ನು ಕೊಂಡು ರೇಡಿಯೋ ಜೋಡಿಸಿ ಮಾರಿ ಖರ್ಚಿಗೆ ದುಡ್ಡು ಮಾಡಿಕೊಳ್ಳುತ್ತಿದ್ದರು. 1949ರಲ್ಲಿ ರಸ್ತೆ ಬದಿಯ ಅಂಗಡಿಗಳನ್ನು ತೆರವು ಮಾಡಲು ಆದೇಶವಾದಾಗ ಅವಕ್ಕೆ ಅಕಿಹಾಬಾರಾದ ಎತ್ತರದ ರೈಲು ಹಳಿಯ ಕೆಳಗೆ ಜಾಗ ಸಿಕ್ಕಿತು. ಅದೇ ಇಂದಿನ ರೇಡಿಯೋ ಸೆಂಟರ್. ನಮ್ಮ ಬೀಡಾ ಅಂಗಡಿಯಷ್ಟೇ ಅಗಲದ ಮಳಿಗೆಗಳು. ಒಬ್ಬರು ಸ್ವಿಚ್ಚು ಮಾತ್ರ ಮಾರುತ್ತಾರೆ, ಇನ್ನೊಬ್ಬರು ತಂತಿ ಮಾತ್ರ, ಮತ್ತೊಬ್ಬರು ಟ್ರಾನ್ಸ್‌ಫಾರ್ಮರ್ ಮಾತ್ರ. ತಲೆಯ ಮೇಲೆ ರೈಲು ಹೋದಾಗ ಡಬ್ಬಿಗಳೆಲ್ಲ ಕಿಣಿಕಿಣಿ ಎನ್ನುತ್ತವೆ. ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆಯನ್ನು ತೊಳೆದು, ಒಣಗಿಸಿ, ರೈಲಿನ ಕೆಳಗೆ ಮಡಚಿಟ್ಟರೆ ಹೇಗಿರುತ್ತದೋ ಹಾಗೆ.

ಅಲ್ಲಿನ ಒಂದು ಮಳಿಗೆಯಲ್ಲಿ ವಾಲ್ವ್ ಮಾರುತ್ತಾ, ರಿಪೇರಿಯನ್ನೂ ಮಾಡುತ್ತಿದ್ದ ಹಿರಿಯರೊಬ್ಬರಿದ್ದರು. ಬಾಯಲ್ಲಿ 'ಸೆನ್ಸೇಯಿ' ಎನ್ನುತ್ತಿದ್ದೆ, ಮನಸ್ಸಿನಲ್ಲಿ ಅಜ್ಜ. ನನ್ನ ತೊಡಕನ್ನು ಕೇಳಿ ಅವರು ಕಾಗದದ ಮೇಲೆ ನಾಲ್ಕು ಅಂಕಿ ಬರೆದು ಭಾಗಿಸಿ, "110" ಎಂದರು. ವೋಲ್ಟೇಜ್ ಏರಿಸುವ ಸಣ್ಣ ಟ್ರಾನ್ಸ್‌ಫಾರ್ಮರಿನಿಂದ 110ಕ್ಕೆ ನಿಲ್ಲಿಸಿದರೆ ವಾಲ್ವಿನ ತಂತಿಗೆ 5.9 ಸಿಗುತ್ತದೆ, ಅದು ಸಾಕು. ಕಬ್ಬಿಣಕ್ಕೂ ಅತಿ ಹೊರೆಯಿಲ್ಲ. ಆಮೇಲೆ ಒಂದು ಕಾರ್ಡು ತೆಗೆದು ನನ್ನ ಆಂಪಿನ ಹೆಸರು ಬರೆದರು. ಅದಕ್ಕೆ ಅವರು 'ಕಾರುತೆ' ಎನ್ನುತ್ತಿದ್ದರು, ಡಾಕ್ಟರರು ರೋಗಿಗೆ ಇಡುವ ದಾಖಲೆಗೆ ಜಪಾನಿನಲ್ಲಿ ಇರುವ ಅದೇ ಹೆಸರು.

ಆ ಕಾರ್ಡಿನಲ್ಲಿ ವರ್ಷ ವರ್ಷದ ರೋಗ, ಚಿಕಿತ್ಸೆ ಎಲ್ಲ ಇದೆ. ಮೊದಲ ವರ್ಷ, ಪ್ಲಗ್ಗಿನಿಂದ ಲೋಹದ ಮೈಗೆ ಜೋಡಿಸಿದ್ದ ಹಳೆಯ ಕೆಪಾಸಿಟರ್ ತೆಗೆದು ಮೂರು ತಂತಿಯ ಕೇಬಲ್ ಹಾಕಿದರು. ಹಳೆಯ ಅಮೆರಿಕನ್ ಆಂಪ್‌ಗಳಲ್ಲಿ ಆ ಕೆಪಾಸಿಟರ್ ಕೆಟ್ಟರೆ ಗಿಟಾರಿನ ತಂತಿಗೇ ಶಾಕ್. ಇಲ್ಲಿನ ಗೋಡೆಯ ಪ್ಲಗ್ಗಿಗೆ ಸಾಮಾನ್ಯವಾಗಿ ಎರಡೇ ತೂತು. ಅರ್ತಿಂಗ್ ಸಿಗುವುದು ಬಟ್ಟೆ ಒಗೆಯುವ ಯಂತ್ರದ ಬಳಿ. ಹಾಗಾಗಿ ನಮ್ಮ ಮನೆಯಲ್ಲಿ ಆಂಪ್ಲಿಫೈಯರ್ ನಿಂತಿರುವುದು ಬಚ್ಚಲ ಬಾಗಿಲಿಗೆ! 2009ರಲ್ಲಿ ಗುಂಯ್ ಶಬ್ದ ಹೆಚ್ಚಾಯಿತು. ವಿದ್ಯುತ್ತನ್ನು ಸೋಸುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಳಗೇ ಒಣಗಿದ್ದವು, ಬದಲಾದವು. 2010ರಲ್ಲಿ 6ಎಲ್6 ವಾಲ್ವುಗಳಲ್ಲಿ ಒಂದರ ಒಳಗಿನ ಲೋಹದ ತಗಡೇ ಕೆಂಪಗೆ ಕಾಯತೊಡಗಿತು. ಗಾಜಿನ ಮೇಲೆ ನೀಲಿ ಬೆಳಕು ಆಡಿದರೆ ಚಿಂತೆಯಿಲ್ಲ. ತಗಡು ಕೆಂಪಾದರೆ ಮಾತ್ರ ಆ ಕ್ಷಣವೇ ಆರಿಸಬೇಕು. ಅಜ್ಜ ವಾಲ್ವನ್ನು ಮುಟ್ಟಲೇ ಇಲ್ಲ. ಅದರ ಹಿಂದಿನ ಹತ್ತಾರು ಯೆನ್ನಿನ ಒಂದು ಪುಟ್ಟ ಕೆಪಾಸಿಟರ್ ಸೋರುತ್ತಿರುವುದನ್ನು ಹುಡುಕಿ ತೆಗೆದರು. "ಸತ್ತದ್ದನ್ನಲ್ಲ, ಕೊಂದದ್ದನ್ನು ಹುಡುಕಬೇಕು" ಎಂದರು. ಹೊಸ ಜೋಡಿ ವಾಲ್ವ್ ಹಾಕಿದರೆ ಬಯಸ್ ವೋಲ್ಟೇಜ್ ಮತ್ತೆ ಅಳೆಯಬೇಕು ಎಂಬುದನ್ನೂ, ಪ್ಲಗ್ಗು ಕಿತ್ತ ಮೇಲೂ ಒಳಗೆ ನಾನೂರು ವೋಲ್ಟಿಗೆ ಮಿಕ್ಕಿ ಕುಳಿತಿರಬಹುದು, ಅದನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ನೋಡಿ, ಆಮೇಲೇ ಕೈ ಹಾಕಬೇಕು ಎಂಬುದನ್ನೂ ಕಲಿಸಿದ್ದು ಅವರೇ.

ಒಮ್ಮೆ ಊರಿನಿಂದ ಬರುವಾಗ ಅವರಿಗೊಂದು ಉಡುಗೊರೆ ತಂದೆ. ನನ್ನ ಸೋದರಮಾವ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬಿಇಎಲ್ 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಸಹಯೋಗದಲ್ಲಿ ರೇಡಿಯೋ ವಾಲ್ವ್ ತಯಾರಿಕೆ ಶುರುಮಾಡಿತ್ತು. ಮಾವನ ಟ್ರಂಕಿನಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ನಾಲ್ಕು ಇಎಲ್84 ವಾಲ್ವುಗಳಿದ್ದವು. "ಇಲ್ಲಿ ಯಾರಿಗೆ ಬೇಕು, ತಗೊಂಡು ಹೋಗು ಮಾರಾಯ" ಎಂದರು. ನನ್ನ ಆಂಪಿಗೆ ಅವು ಹೊಂದುವುದಿಲ್ಲ. ಅಜ್ಜ ಒಂದೊಂದನ್ನೂ ಪರೀಕ್ಷಾ ಯಂತ್ರಕ್ಕೆ ಚುಚ್ಚಿ, ಮುಳ್ಳು ನೋಡಿ, ಗಾಜಿನ ಮೇಲಿನ ಅಕ್ಷರವನ್ನು ಬೆಳಕಿಗೆ ಹಿಡಿದು ಓದಿದರು. ನಾಲ್ಕೂ ಸರಿಯಾಗಿದ್ದವು. "ಬಂಗರೋರು?" ಎಂದರು. ಹೌದೆಂದೆ. ಮುಂದಿನ ಸಲ ಹೋದಾಗ ಅವರ ಮೇಜಿನ ಮೇಲೆ ತಾವೇ ಕಟ್ಟಿದ್ದ ಸಣ್ಣ ರೇಡಿಯೋಗ್ರಾಮಿನಲ್ಲಿ ಜಾಲಹಳ್ಳಿಯ ಎರಡು ವಾಲ್ವು ಉರಿಯುತ್ತಿದ್ದವು. ನಾನು ಫೋಟೋ ತೆಗೆದು ಮಾವನಿಗೆ ಕಳಿಸಿದೆ. ಅವರು ಅದನ್ನು ದೊಡ್ಡದು ಮಾಡಿಸಿ ದೇವರ ಕೋಣೆಯ ಹೊರಗೆ ತೂಗುಹಾಕಿದ್ದಾರೆ.

2011ರ ಮಾರ್ಚ್ 11ರ ಭೂಕಂಪದಲ್ಲಿ ನಮ್ಮ ಆಂಪ್ಲಿಫೈಯರ್ ತನ್ನ ಗಾಲಿಗಳ ಮೇಲೆ ಬಚ್ಚಲ ಬಾಗಿಲಿನಿಂದ ಅಡುಗೆಮನೆಗೆ ಪ್ರಯಾಣ ಮಾಡಿತ್ತು. ಮುಚ್ಚಳ ಮಗುಚಿ ಹಾಕಿದ್ದರಿಂದ ಒಂದು ಗಾಜೂ ಒಡೆದಿರಲಿಲ್ಲ. ಆಗ ಹಳೆಯ 50-60 ಹರ್ಟ್ಜ್ ಜಗಳ ಇಡೀ ದೇಶದ ಸಂಕಟವಾಯಿತು. ಪಶ್ಚಿಮದಲ್ಲಿ ವಿದ್ಯುತ್ ಇತ್ತು, ಆದರೆ ಅದನ್ನು ಪರಿವರ್ತಿಸಿ ಪೂರ್ವಕ್ಕೆ ಕಳಿಸಲು ಸಾಧ್ಯವಿದ್ದದ್ದು ಸುಮಾರು ಹತ್ತು ಲಕ್ಷ ಕಿಲೋವಾಟ್ ಮಾತ್ರ. ಅಕಿಹಾಬಾರಾದ ದೀಪಗಳು ಮಂಕಾದವು. ಆ ಬೇಸಿಗೆ ನಾನೂ ಆಂಪ್ ಹಚ್ಚಲಿಲ್ಲ.

ಓಣಿಯೂ ಕುಗ್ಗುತ್ತಾ ಬಂದಿದೆ. ರೇಡಿಯೋ ಸೆಂಟರಿನ ಪಕ್ಕದಲ್ಲಿದ್ದ ರೇಡಿಯೋ ಸ್ಟೋರ್ ಎಂಬ ಮಳಿಗೆಗಳ ಸಾಲು 2013ರ ನವೆಂಬರ್‌ನಲ್ಲಿ ಮುಚ್ಚಿತು. ನಮ್ಮ ಅಜ್ಜನೂ ಆಸುಪಾಸಿನಲ್ಲೇ ವ್ಯಾಪಾರ ನಿಲ್ಲಿಸಿದರು. ಕಲಿಯುವ ಹುಡುಗರು ಬರಲಿಲ್ಲ, ಮಗ ಬ್ಯಾಂಕಿನಲ್ಲಿದ್ದಾನೆ ಎಂದರು. ಕೊನೆಯ ದಿನ ಹಳೆಯ ಗಿರಾಕಿಗಳನ್ನು ಕರೆದು ಅವರವರ ಕಾರುತೆಯನ್ನು ಅವರವರ ಕೈಗೇ ಕೊಟ್ಟರು. ನನ್ನ ಕಾರ್ಡಿನ ಹಿಂದೆ ಪ್ರತಿ ವಾಲ್ವಿನ ಪ್ರತಿ ಕಾಲಿನಲ್ಲಿ ಎಷ್ಟೆಷ್ಟು ವೋಲ್ಟ್ ಇರಬೇಕೆಂದು ಬರೆದಿದ್ದರು.

ವಾಲ್ವ್ ಇಂದಿಗೂ ಸಿಗುತ್ತದೆ. ಸ್ಲೊವಾಕಿಯಾ, ಚೀನಾ, ರಷ್ಯಾಗಳಲ್ಲಿ ತಯಾರಾಗುತ್ತದೆ. 2022ರಲ್ಲಿ ಯುದ್ಧದ ಕಾರಣ ರಷ್ಯಾದ ರಫ್ತು ತೊಡಕಿಗೆ ಸಿಕ್ಕಿದಾಗ ಬೆಲೆ ಏರಿತು ನಿಜ, ಆದರೂ ದುಡ್ಡು ಕೊಟ್ಟರೆ ಸಿಗುತ್ತದೆ. ಸಿಗದಿರುವುದು ಕೊಂದದ್ದನ್ನು ಹುಡುಕುವ ಕೈ. ಹೀಗಾಗಿ ಈಗ ವರ್ಷಕ್ಕೊಮ್ಮೆ, ನಮ್ಮ ರಾಜ್ಯೋತ್ಸವದ ಹಿಂದಿನ ವಾರ, ಕಾರ್ಡು ಪಕ್ಕದಲ್ಲಿಟ್ಟುಕೊಂಡು ನಾನೇ ಅಳೆಯುತ್ತೇನೆ. ಹದಿನಾರರ ಮಗಳು ಟಾರ್ಚ್ ಹಿಡಿಯುತ್ತಾಳೆ, ಅಂಕಿ ಓದುತ್ತಾಳೆ. ಹೋದ ವರ್ಷದಿಂದ ಮೀಟರಿನ ಕಡ್ಡಿ ಅವಳ ಕೈಯಲ್ಲಿದೆ, ಟಾರ್ಚ್ ನನ್ನ ಕೈಯಲ್ಲಿ.

ಕೊನೆಗೆ ಓದುಗ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಮನೆಯ ಅಟ್ಟದ ಮೇಲೆ ಹಳೆಯ ವಾಲ್ವ್ ರೇಡಿಯೋ ಇದ್ದರೆ ಗುಜರಿಗೆ ಹಾಕಬೇಡಿ. ಹಾಗೆಂದು ಈ ಲೇಖನ ಓದಿದ ಉತ್ಸಾಹದಲ್ಲಿ ಧೂಳು ಒರೆಸಿ ನೇರವಾಗಿ ಪ್ಲಗ್ಗಿಗೂ ಚುಚ್ಚಬೇಡಿ. ವರ್ಷಗಟ್ಟಲೆ ಮಲಗಿದ್ದ ಕೆಪಾಸಿಟರ್ ಒಮ್ಮೆಗೇ ಪೂರ್ತಿ ವೋಲ್ಟೇಜ್ ತಾಳಲಾರದೆ ಸಿಡಿಯಬಹುದು. ಬಲ್ಲವರ ಬಳಿ ಒಯ್ಯಿರಿ. ನಿಮ್ಮ ಊರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವರು ಒಬ್ಬರಾದರೂ ಇನ್ನೂ ಇದ್ದಾರು. ಹೋಗುವಾಗ ಮನೆಯ ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವರು ಕೆಲಸ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಲಿ.